ಅಮ್ಮನ ಜೀವನ ಚರಿತ್ರೆಯಿಂದ ಬೀಡಿಯನ್ನು ಯಾಕೆ ತೆಗೆಯಲಿಲ್ಲ

ಮಂಗಳೂರಿನ ನಮ್ಮ ಸಭೆಯಲ್ಲಿ, ಅಂದರೆ ನಮ್ಮ ಚರ್ಚಿನವರಲ್ಲಿ, ಯಾರಾದರೂ ತೀರಿಕೊಂಡರೆ ಅಂತ್ಯಕ್ರಿಯೆಯ ಆರಾಧನೆಯಲ್ಲಿ ಅವರ ಜೀವನ ಚರಿತ್ರೆ ಓದುತ್ತಾರೆ. ಹೆಚ್ಚಿನ ಮನೆಗಳಲ್ಲಿ ಅದನ್ನು ಹಿಂದಿನ ರಾತ್ರಿ ಅಳಿಯನೋ ಮೊಮ್ಮಗನೋ ಕೂತು ಬರೆಯುತ್ತಾನೆ. ಹುಟ್ಟಿದ್ದು, ದೀಕ್ಷಾಸ್ನಾನ, ಮದುವೆ, ಮಕ್ಕಳು, ಆಮೇಲೆ ದೈವಭಕ್ತೆ, ಮೃದುಭಾಷಿ, ಎಲ್ಲರಿಗೂ ಬೇಕಾದವರು. ಮುಗೀತು. ಹೆಸರು ಬದಲಿಸಿದರೆ ಯಾರಿಗೆ ಬೇಕಾದರೂ ಆಗುತ್ತದೆ. ನನ್ನ ಅಮ್ಮ ಮೃದುಭಾಷಿ ಅಂತೂ ಅಲ್ಲವೇ ಅಲ್ಲ. ಅದಕ್ಕೇ ಅವರು ಇರುವಾಗಲೇ ಬರೆಯಲು ಶುರು ಮಾಡಿದೆ. ಹೇಳಿಯೇ ಮಾಡಿದೆ, ಕದ್ದು ಅಲ್ಲ. "ಎಂತ, ನಾನು ಹೋಗುವುದಕ್ಕೆ ಮೊದಲೇ ಓದ್ತೀಯಾ?" ಅಂತ ಕೇಳಿದರು, ಆಮೇಲೆ ಅವರಿಗೇ ಹುಮ್ಮಸ್ಸು ಬಂತು.

ಜೀವನ ಚರಿತ್ರೆ ಬರೆಯುವುದು ನಮ್ಮಲ್ಲಿ ಹೊಸತೇನೂ ಅಲ್ಲ ಬಿಡಿ. 1834ರಲ್ಲಿ ಸ್ವಿಟ್ಜರ್ಲೆಂಡಿನಿಂದ ಇಲ್ಲಿಗೆ ಬಂದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ಗೆ ಮಿಷನರಿಯಾಗಿ ಸೇರಬೇಕೆಂದು ಬರುವ ಹುಡುಗರು ತಮ್ಮ ಬದುಕಿನ ಕಥೆಯನ್ನು ತಾವೇ ಬರೆದುಕೊಡಬೇಕಿತ್ತು.

ಮೊದಲು ಹುಟ್ಟಿದ ದಿನ. ಶಾಲೆಯ ದಾಖಲೆಯಲ್ಲಿ ಜೂನ್ ತಿಂಗಳ ಒಂದು ತಾರೀಕು ಇತ್ತು. ಆ ಕಾಲದಲ್ಲಿ ಮಗುವನ್ನು ಸೇರಿಸುವಾಗ ಮೇಷ್ಟ್ರು ಅಂದಾಜಿಗೆ ಬರೆದುಕೊಳ್ಳುತ್ತಿದ್ದದ್ದು ಅಪರೂಪವೇನಲ್ಲ, ಅಲ್ವಾ. ಸಭೆಯ ದೀಕ್ಷಾಸ್ನಾನದ ಪುಸ್ತಕದಲ್ಲಿ ಬೇರೆ ಇತ್ತು, 1931ರ ನವೆಂಬರ್. ಹುಟ್ಟಿದ ದಿನ, ದೀಕ್ಷಾಸ್ನಾನದ ದಿನ, ತಂದೆ ತಾಯಿ, ಸಾಕ್ಷಿ ನಿಂತವರು, ಎಲ್ಲ ಒಂದೇ ಸಾಲಿನಲ್ಲಿ. ನಾನು ಅದನ್ನೇ ನಂಬಿದೆ, ಯಾಕೆಂದರೆ ಕೂಸು ಕೈಯಲ್ಲಿರುವಾಗ ಬರೆದದ್ದು. ನಿಮ್ಮ ಮನೆಯಲ್ಲೂ ಈ ಗೊಂದಲ ಇದ್ದರೆ ಸಭಾಪಾಲಕರನ್ನು (ಪಾದ್ರಿಯನ್ನು) ಕೇಳಿ ಆ ಪುಟ ನೋಡಿ. ಹಳೆಯ ಬಾಸೆಲ್ ಮಿಷನ್ ಕಾಗದಪತ್ರ ಬೇಕಾದರೆ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಸಂಗ್ರಹವೂ ಇದೆ.

ಅಪ್ಪ ಹಂಚಿನ ಕಾರ್ಖಾನೆಯಲ್ಲಿದ್ದರು. 1956ರಲ್ಲಿ ಜ್ವರ ಬಂದು ತೀರಿಕೊಂಡಾಗ ಅಮ್ಮನಿಗೆ ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. ನಾನು ಸಣ್ಣವ, ತಂಗಿ ತೊಟ್ಟಿಲಲ್ಲಿ. ಅಲ್ಲಿಂದ ಮುಂದಿನದಕ್ಕೆಲ್ಲ ನನಗೆ ಸಿಕ್ಕಿದ ದೊಡ್ಡ ದಾಖಲೆ ಅಮ್ಮನ ಲೆಕ್ಕದ ಪುಸ್ತಕಗಳು. ಬೈಬಲ್ ಇಟ್ಟ ಪೆಟ್ಟಿಗೆಯಲ್ಲೇ ಇದ್ದವು, ಹೊಲಿಗೆ ಬಿಚ್ಚಿ ಹಾಳೆಗಳೆಲ್ಲ ಬೆರೆತುಹೋಗಿದ್ದವು. ಎಲ್ಲೂ ಇಸವಿ ಇಲ್ಲ. ಕೆಲವು ಹಾಳೆಗಳಲ್ಲಿ ಆಣೆ, ಕೆಲವುಗಳಲ್ಲಿ ಪೈಸೆ. 1957ರ ಏಪ್ರಿಲ್‌ನಲ್ಲಿ ಆಣೆಯ ಬದಲು ನಯಾಪೈಸೆ ಬಂತಲ್ಲ, ಅದನ್ನು ಹಿಡಿದು ಎರಡು ರಾಶಿ ಮಾಡಿದೆ. ಬಾಯಲ್ಲಿ ಆಣೆ ಆಮೇಲೂ ಉಳಿದಿತ್ತು, ಹಾಗಾಗಿ ಗಡಿಯ ಹಾಳೆಗಳನ್ನು ಬೇರೆ ಇಟ್ಟುಕೊಂಡು ಅಮ್ಮನನ್ನೇ ಕೇಳಿದೆ.

ಪ್ರತಿ ತಿಂಗಳ ಮೊದಲ ಸಾಲು ಒಂದೇ: "ಸಭೆಗೆ". ಅಕ್ಕಿ, ಸೀಮೆಎಣ್ಣೆ, ಬಂಗುಡೆ ಎಲ್ಲ ಅದರ ಕೆಳಗೆ. ಒಂದು ತಿಂಗಳು "ಸಭೆಗೆ — ಬಾಕಿ" ಅಂತಿತ್ತು. ಮುಂದಿನ ತಿಂಗಳು ಎರಡು ಪಟ್ಟು ಬರೆದು ಪಕ್ಕದಲ್ಲಿ ಒಂದು ಗೀಟು. ಭಕ್ತಿ ಬಗ್ಗೆ ಬೇರೆ ಮಾತು ಬೇಕಾ? ಜೀವನ ಚರಿತ್ರೆಯಿಂದ "ದೈವಭಕ್ತೆ" ಅನ್ನುವ ಪದ ತೆಗೆದು ಈ ಎರಡು ಸಾಲು ಹಾಕಿದೆ.

ಅವರನ್ನು ಮಾತಾಡಿಸುವಾಗ "ಯಾವ ವರ್ಷ" ಅಂತ ಕೇಳಿದರೆ ಪ್ರಯೋಜನವಿಲ್ಲ. 1974ರ ನೇತ್ರಾವತಿ ನೆರೆಗೆ ಮೊದಲಾ ಆಮೇಲಾ, ಆಗ ತಂಗಿ ಶಾಲೆಗೆ ಹೋಗುತ್ತಿದ್ದಳಾ, ಹೀಗೆ ಕೇಳಬೇಕು. ಕೈಗೆ ಏನಾದರೂ ಕೊಡಬೇಕು. ನಾನು ಹಳೆಯ ಗೆರಸೆ, ಕತ್ತರಿ ತಂದು ಮುಂದಿಟ್ಟೆ. ಆ ದಿನ ಬೀಡಿಯ ಕಥೆ ಪೂರ್ತಿ ಬಂತು.

ಹೌದು, ಅಮ್ಮ ಬೀಡಿ ಕಟ್ಟಿ ನಮ್ಮನ್ನು ಸಾಕಿದರು. ಎಲೆಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಅಳತೆಗೆ ಕತ್ತರಿಸಿ, ಹೊಗೆಸೊಪ್ಪು ಹಾಕಿ ಸುತ್ತಿ, ನೂಲು ಕಟ್ಟಿ ಬಾಯಿ ಮಡಚುವುದು. ಕಟ್ಟಿದ ಬೀಡಿ ತೆಗೆದುಕೊಂಡು ಕೂಲಿ ಕೊಡುವ ಬ್ರಾಂಚಿಗೆ ಕೊಂಡುಹೋದರೆ ಅಲ್ಲಿಯವನು ಸರಿಯಿಲ್ಲ ಅಂತ ಒಂದಷ್ಟು ತೆಗೆದಿಡುತ್ತಿದ್ದ, ಅದಕ್ಕೆ ಕೂಲಿ ಇಲ್ಲ, ಬೀಡಿಯೂ ವಾಪಸಿಲ್ಲ. ಅಮ್ಮ ಅಲ್ಲೇ ನಿಂತು ಜಗಳ ಮಾಡುತ್ತಿದ್ದರು. ಆದರೆ ಶನಿವಾರ ರಾತ್ರಿ ಎಲೆ ನೆನೆಸುತ್ತಿರಲಿಲ್ಲ. ಗೆರಸೆಯ ಮೇಲೆ ಹಳೇ ಸೀರೆ ಮುಚ್ಚಿದರೆ ಆದಿತ್ಯವಾರ ಕತ್ತಲಾಗಿ ಮನೆಯ ಪ್ರಾರ್ಥನೆ ಮುಗಿಯುವವರೆಗೆ ತೆಗೆಯುವಂತಿಲ್ಲ. ವಾರದ ಕೂಲಿ ಅಷ್ಟು ಕಡಿಮೆಯಾಗುತ್ತಿತ್ತು.

ಬೀಡಿ ಕಟ್ಟುವುದು ನಮ್ಮವರಿಗೆ ತಕ್ಕದ್ದಾ ಅಂತ ಸಭೆಯಲ್ಲಿ ಯಾರೋ ಕೇಳಿದ್ದರಂತೆ. ಇದಕ್ಕೊಂದು ಹಿನ್ನೆಲೆ ಇದೆ. ಇಲ್ಲಿ ಬಾಸೆಲ್ ಮಿಷನ್ ಮೂಲಕ ಕ್ರೈಸ್ತರಾದವರಲ್ಲಿ ಕಳ್ಳು ಇಳಿಸುತ್ತಿದ್ದ ಬಿಲ್ಲವ ಜಾತಿಯವರೇ ಜಾಸ್ತಿ. ಆ ಕೆಲಸ ಮಿಷನ್‌ಗೆ ಒಪ್ಪಿಗೆಯಾಗಲಿಲ್ಲ, ಜಾತಿಯ ಆಸರೆಯೂ ತಪ್ಪಿತು. ಅವರಿಗೆ ಹೊಟ್ಟೆಪಾಡು ಬೇಕಲ್ಲ ಅಂತ ನೇಯ್ಗೆ ಬಂತು, 1865ರಲ್ಲಿ ಹಂಚಿನ ಕಾರ್ಖಾನೆ ಬಂತು. ಅಂಥ ಸಭೆಯಲ್ಲಿ ಹೊಗೆಸೊಪ್ಪಿನ ಕೆಲಸಕ್ಕೆ ಹುಬ್ಬು ಏರಿದ್ದು ಅರ್ಥವಾಗುತ್ತದೆ. ಅಮ್ಮ ಕೊಟ್ಟ ಉತ್ತರ: "ಬೇರೆ ಕೆಲಸ ಕೊಡಿ, ನಾಳೆಯೇ ಬಿಡ್ತೇನೆ." ಯಾರೂ ಕೊಡಲಿಲ್ಲ, ಅವರೂ ಬಿಡಲಿಲ್ಲ.

ವಿಧವೆ ಅನ್ನುವುದನ್ನೂ ಹೀಗೇ ಬರೆದೆ. ಮದುವೆಮನೆಯಲ್ಲಿ ಗಂಡ ಇಲ್ಲದವರು ಹಿಂದೆ ನಿಲ್ಲುವ ರೂಢಿ ನಮ್ಮವರಲ್ಲೂ ಪೂರ್ತಿ ಹೋಗಿರಲಿಲ್ಲ. ತಂಗಿಯ ಮದುವೆಯಲ್ಲಿ ದೊಡ್ಡಮ್ಮ ಒಬ್ಬರು ಕಣ್ಸನ್ನೆ ಮಾಡಿದರು. ಅಮ್ಮ ನೋಡಿಯೂ ನೋಡದ ಹಾಗೆ ಮುಂದೆ ಹೋಗಿ ಮಗಳ ಸೆರಗು ಸರಿಮಾಡಿ ಅಲ್ಲೇ ನಿಂತರು.

2023ರಲ್ಲಿ ಅಮ್ಮ ಕರ್ತನಲ್ಲಿ ನಿದ್ರೆ ಹೋದರು. ಬರೆದದ್ದು ಸಿದ್ಧವಿತ್ತು, ತಾರೀಕು ಒಂದು ಸೇರಿಸುವುದಷ್ಟೇ. ಅಷ್ಟರಲ್ಲಿ ಮನೆಯಲ್ಲಿ ಚರ್ಚೆ ಎದ್ದಿತು. ಬೀಡಿ ವಿಷಯ ಬೇಡ, ಬೆಂಗಳೂರಿಂದ ಬೀಗರು ಬರ್ತಾರೆ, ಸುಮ್ನೆ "ಕಷ್ಟಪಟ್ಟು ಮಕ್ಕಳನ್ನು ಬೆಳೆಸಿದರು" ಅಂದರೆ ಸಾಕು ಅಂದರು. ಏನು ಕಷ್ಟ, ಯಾವ ಕಷ್ಟ ಅಂತ ಹೇಳದಿದ್ದರೆ ಅದು ಯಾರ ಅಮ್ಮನಾದರೂ ಆಗಬಹುದು. ಇಡೀ ಪುಟವನ್ನು ಅಮ್ಮನಿಗೆ ಓದಿ ಹೇಳಿದ್ದೆ, ಅವರು ಒಂದು ಕಡೆ ಮಾತ್ರ ತಿದ್ದಿಸಿದ್ದರು: ಬ್ರಾಂಚಿನವನನ್ನು ನಾನು ಕಳ್ಳ ಅಂತ ಬರೆದಿದ್ದೆ, ಅದು ಬೇಡ ಅಂದಿದ್ದರು. ಬೀಡಿಯನ್ನು ತೆಗೆಯಲು ಹೇಳಿರಲಿಲ್ಲ. ಹಾಗಾಗಿ ಓದಿದೆ. ತಂಗಿಗೆ ಈಗಲೂ ಅದು ಸರಿ ಕಂಡಿಲ್ಲ, ಅವಳ ಮನೆಯಲ್ಲಿರುವ ಪ್ರತಿಯಲ್ಲಿ ಆ ಭಾಗ ಇಲ್ಲ.