ಒಗೆಯೋ ಕಲ್ಲು ಯಾವ ಕಡೆ ಇತ್ತು?

ನಮ್ಮ ವಠಾರ ಇದ್ದದ್ದು ಮಲ್ಲೇಶ್ವರದ ಕೆಳತುದಿಯಲ್ಲಿ, ಸಂಪಿಗೆ ರಸ್ತೆ ಶೇಷಾದ್ರಿಪುರದ ಕಡೆ ಇಳಿಯುವಲ್ಲಿ. ಒಂಬತ್ತು ಮನೆ, ಮಂಗಳೂರು ಹೆಂಚು, ನಡುವೆ ಅಂಗಳ, ಎಲ್ಲರಿಗೂ ಸೇರಿ ಒಂದೇ ನಲ್ಲಿ. ಈಗ ಅಲ್ಲಿ ನಾಲ್ಕು ಮಹಡಿಯ ಅಪಾರ್ಟ್‌ಮೆಂಟು. ನಲ್ಲಿ ಇದ್ದ ಕಡೆ ಯಾರದೋ ಬಿಳಿ ಕಾರು ನಿಂತಿರುತ್ತದೆ.

ವಠಾರ ಕೆಡವಿ ಎಷ್ಟೋ ವರ್ಷ ಆದಮೇಲೆ ಮಗಳು ಕೇಳಿದಳು, 'ಅಪ್ಪಾ, ಅದು ನೋಡಕ್ಕೆ ಹೇಗಿತ್ತು?' ಮನೆಯ ಆಲ್ಬಮ್ಮೆಲ್ಲ ತಿರುವಿದೆ. ವಠಾರದ್ದು ಅಂತ ಒಂದೇ ಒಂದು ಫೋಟೋ ಇಲ್ಲ! ಆಮೇಲೆ ಅನ್ನಿಸಿತು, ಇರೋದಾದರೂ ಹೇಗೆ? ಆಗಿನ ಆಗ್ಫಾ ಕ್ಲಿಕ್ 3 ಕ್ಯಾಮೆರಾದಲ್ಲಿ ಒಂದು ರೋಲಿಗೆ 12 ಫೋಟೋ. ಅದರಲ್ಲಿ ನಲ್ಲಿಗೊಂದು, ಬಚ್ಚಲಿಗೊಂದು ಯಾರು ಖರ್ಚು ಮಾಡುತ್ತಾರೆ? ನಾಮಕರಣ, ಹೊಸ ಸ್ಕೂಟರು, ಹೆಣ್ಣು ನೋಡಲು ಬಂದವರಿಗೆ ಕಳಿಸೋ ಫೋಟೋ, ಅಷ್ಟೇ. ಅಂದರೆ ನಮ್ಮ ಬೀದಿ ಇರುವುದು ಬೇರೆಯವರ ಬೆನ್ನ ಹಿಂದೆ. ಅದು ಹೊಳೆದಮೇಲೆ ಕೆಲಸ ಸಲೀಸಾಯಿತು. 'ವಠಾರದ ಫೋಟೋ ಇದೆಯಾ?' ಅಂತ ಕೇಳುವುದನ್ನು ಬಿಟ್ಟೆ. 'ನಿಮ್ಮ ಮನೆ ನಾಮಕರಣದ ಫೋಟೋ ತೋರಿಸ್ತೀರಾ?' ಅಂತ ಶುರು ಮಾಡಿದೆ.

ಒಂಬತ್ತು ಮನೆಯವರಲ್ಲಿ ಆರು ಮನೆಯವರು ಸಿಕ್ಕರು. ವಿಜಯನಗರ, ವಿದ್ಯಾರಣ್ಯಪುರ, ಒಬ್ಬರು ಕೆಂಗೇರಿಯಾಚೆ. ಮೊದಮೊದಲು ವಾಟ್ಸಾಪಿನಲ್ಲಿ ಕಳಿಸಿ ಅಂದೆ. ಬಂದದ್ದು ದೊಡ್ಡದು ಮಾಡಿದರೆ ಬರೀ ಮಬ್ಬು. ಡಾಕ್ಯುಮೆಂಟ್ ಅಂತ ಕಳಿಸಿದರೆ ಪೂರ್ತಿ ಫೋಟೋ ಬರುತ್ತದೆ ಅನ್ನುವುದು ನನಗೇ ತಡವಾಗಿ ಗೊತ್ತಾಯಿತು. ಕೊನೆಗೆ ಚಿಕ್ಕ ಸ್ಕ್ಯಾನರ್ರು, ಲ್ಯಾಪ್‌ಟಾಪು ಬ್ಯಾಗಿಗೆ ಹಾಕಿಕೊಂಡು ಭಾನುವಾರ ಮಧ್ಯಾಹ್ನ ನಾನೇ ಹೋಗತೊಡಗಿದೆ. ಆಲ್ಬಮ್ ಮನೆಗೆ ತರುವ ಮಾತೇ ಇಲ್ಲ. ಅವರ ಟೇಬಲ್ ಮೇಲೇ ಸ್ಕ್ಯಾನು, ಅವರ ಕಣ್ಣೆದುರೇ ವಾಪಸ್ಸು. ಪೋಸ್ಟ್‌ಕಾರ್ಡ್ ಸೈಜಿನದಕ್ಕೆ 600 ಡಿಪಿಐ (ಅಂದರೆ ಒಂದು ಇಂಚಿಗೆ 600 ಚುಕ್ಕೆ), ಚೌಕದ ಪುಟ್ಟ ಪ್ರಿಂಟಿಗೆ 1200. ಜಾಸ್ತಿ ಆಯಿತು ಅನ್ನಿಸಬಹುದು, ಆದರೆ ನಮಗೆ ಬೇಕಾದದ್ದು ಮೂಲೆಯಲ್ಲಿರುವ ಬೆರಳುಗುರಿನಷ್ಟು ಜಾಗ, ಅಲ್ವಾ?

ಕಾಟ ಕೊಟ್ಟದ್ದು ಅಂಟು ಹಾಳೆಯ ಆಲ್ಬಮ್ಮುಗಳು, ಮೇಲೆ ಪ್ಲಾಸ್ಟಿಕ್ ಹಾಳೆ ಇರುತ್ತದಲ್ಲ, ಅವು. ಮೊದಲನೆಯದನ್ನು ಉಗುರಿನಲ್ಲಿ ಎಬ್ಬಿಸಲು ಹೋಗಿ ಮದುಮಗನ ಪೇಟ ಅರ್ಧ ಹಾಳೆಯಲ್ಲೇ ಉಳಿಯಿತು. ಆ ಮನೆಯವರು ಏನೂ ಅನ್ನಲಿಲ್ಲ, ನನಗೆ ಮಾತ್ರ ಕಾಫಿ ಇಳಿಯಲಿಲ್ಲ. ಆಮೇಲಿನದಕ್ಕೆಲ್ಲ ಮೆಡಿಕಲ್ ಶಾಪಿನಲ್ಲಿ ಸಿಗುವ ಡೆಂಟಲ್ ಫ್ಲಾಸ್ ದಾರ. ಫೋಟೋದ ಹಿಂದೆ ನುಗ್ಗಿಸಿ ಗರಗಸದ ಹಾಗೆ ನಿಧಾನಕ್ಕೆ ಆಡಿಸಬೇಕು. ಬರಲ್ಲ ಅಂದರೆ ಬಿಡಬೇಕು, ಹಾಳೆ ಸಮೇತ ಸ್ಕ್ಯಾನು. ಫ್ರೇಮಿನ ಗಾಜಿಗೇ ಕಚ್ಚಿಕೊಂಡದ್ದನ್ನಂತೂ ಮುಟ್ಟಲೇಬೇಡಿ. ಗಾಜಿನ ಮೇಲಿಂದಲೇ ತೆಗೆಯಿರಿ.

ಇಸವಿ ಪತ್ತೆ ಮಾಡುವುದು ಒಂಥರಾ ಪತ್ತೇದಾರಿ ಕೆಲಸ. ಸ್ಕೂಟರಿನ ನಂಬರ್ ಪ್ಲೇಟಿನಲ್ಲಿ ಕೆಎ ಇದ್ದರೆ ಹೆಚ್ಚುಕಡಿಮೆ 1990ರ ಈಚಿನದು. ಎಂವೈ ಇದ್ದರೆ ಅದಕ್ಕಿಂತ ಎಷ್ಟೋ ಹಿಂದಿನ ಗಾಡಿ. ಬಸ್ಸಿನ ಮೇಲೆ ಬಿಟಿಎಸ್ ಅಂತಿದ್ದರೆ 1997ಕ್ಕಿಂತ ಮುಂಚೆ, ಬಿಎಂಟಿಸಿ ಆದದ್ದೇ ಆಗ. ಜಾಗ ಹಿಡಿಯುವುದು ಇನ್ನೂ ಕಷ್ಟ. 1898ರ ಪ್ಲೇಗಿನ ನಂತರ ಬೆಳೆದ ಬಡಾವಣೆ ನಮ್ಮದು. ಮನೆಗಳ ಹಿಂದೆ ಕಕ್ಕಸು ಬಳಿಯುವವರಿಗೆ ಅಂತ ಬಿಟ್ಟ ಸಂದಿಗಳಿದ್ದವು. ಒಂದು ಫೋಟೋದಲ್ಲಿ ಮಗುವಿನ ಹಿಂದೆ ಅಂಥ ಸಂದಿ ಕಂಡಿದ್ದಕ್ಕೇ ಅದು ಯಾವ ಮನೆ ಅಂತ ಗೊತ್ತಾಯಿತು. ಹೆಸರುಗಳೂ ಕೈ ಹಿಡಿದವು. ಸ್ವಸ್ತಿಕ್ ಟಾಕೀಸು ಇಲ್ಲ, ಸ್ವಸ್ತಿಕ್ ಸರ್ಕಲ್ ಇದೆ. ರಾಜಾ ಮಿಲ್ಲಿನ ಜಾಗಕ್ಕೆ 2010ರಲ್ಲಿ ಮಾಲ್ ಬಂತು, ಅದರ ಪಕ್ಕಕ್ಕೇ 2014ರಲ್ಲಿ ಮೆಟ್ರೋ. ಆದರೂ ಹಳಬರು 'ಮಿಲ್ ಹತ್ರ' ಅಂತಲೇ ದಾರಿ ಹೇಳುತ್ತಾರೆ.

'ಹಳೇ ನೆನಪು ಹೇಳಿ' ಅಂದರೆ ಎಲ್ಲರದ್ದೂ ಒಂದೇ ಉತ್ತರ, 'ಆಗ ಎಲ್ಲಾ ಚೆನ್ನಾಗಿತ್ತಪ್ಪ'. ಚೆನ್ನಾಗೇನೂ ಇರಲಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ನೀರಿಗೆ ಜಗಳ ಆಗುತ್ತಿತ್ತು. ಅದಕ್ಕೇ ಸಣ್ಣ ಪ್ರಶ್ನೆ ಕೇಳುತ್ತಿದ್ದೆ. ಹಂಡೆಗೆ ಸೌದೆ ಎಲ್ಲಿಂದ ತರ್ತಿದ್ರಿ? ಒಗೆಯೋ ಕಲ್ಲು ಯಾವ ಕಡೆ ಇತ್ತು?

ಆ ಕಲ್ಲಿನದೇ ಒಂದು ಕಥೆ. ನಲ್ಲಿ ಪೂರ್ತಿ ಕಾಣುವ ಒಂದೇ ಒಂದು ನೆಗೆಟಿವ್ ಸಿಕ್ಕಿತ್ತು. ನಲ್ಲಿ ಮುಂದೆ ಒಬ್ಬ ಹುಡುಗ, ಸಾಲಾಗಿ ಬಿಂದಿಗೆಗಳು. ಕಲ್ಲು ಬಲಗಡೆ. ಪ್ರಿಂಟ್ ಹಾಕಿಸಿ ಕೊನೇ ಮನೆ ಅಜ್ಜಿಗೆ ತೋರಿಸಿದೆ.

'ಇದಲ್ಲ ಕಣೋ. ಕಲ್ಲು ಎಡಗಡೆ ಇತ್ತು.'

'ಫೋಟೋದಲ್ಲೇ ಇದೆಯಲ್ಲ ಅಜ್ಜಿ.'

'ನಿನ್ನ ಫೋಟೋ ಹಾಳಾಗ್ಲಿ. ಇಪ್ಪತ್ತು ವರ್ಷ ಅಲ್ಲಿ ಬಟ್ಟೆ ಒಗ್ದಿದೀನಿ. ನನ್ನ ಸೊಂಟನ ಕೇಳು.'

ಪಾಪ, ವಯಸ್ಸಾಯಿತು ಅಂದುಕೊಂಡೆ. ಫೋಟೋಗಳನ್ನು ನೋಡಿ ಬಿಡಿಸುತ್ತಿದ್ದ ವಠಾರದ ನಕ್ಷೆಯಲ್ಲಿ 'ಬಲಗಡೆ' ಅಂತಲೇ ಬರೆದೂ ಬಿಟ್ಟೆ. ಒಂದು ವಾರ ಬಿಟ್ಟು ಏನೋ ಹುಡುಕುತ್ತಾ ಅದೇ ಫೋಟೋ ದೊಡ್ಡದು ಮಾಡಿದಾಗ ಹುಡುಗನ ಅಂಗಿ ಜೇಬು ಬಲಗಡೆ ಕಂಡಿತು. ಜೇಬು ಯಾವ ದರ್ಜಿ ಬಲಗಡೆ ಇಡುತ್ತಾನೆ? ನೆಗೆಟಿವ್ವನ್ನು ನಾನೇ ತಿರುಗಾಮುರುಗಾ ಇಟ್ಟು ಸ್ಕ್ಯಾನ್ ಮಾಡಿದ್ದೆ. ಅದಕ್ಕೆ ಒಂದು ಮಗ್ಗುಲು ಹೊಳಪು, ಇನ್ನೊಂದು ಮಂಕು. ಹೊಳೆಯುವ ಮಗ್ಗುಲು ನಮ್ಮ ಕಡೆ ಇದ್ದಾಗ ಎಡಬಲ ಸರಿಯಾಗಿರುತ್ತದೆ, ಅಂಚಿನ ನಂಬರೂ ನೆಟ್ಟಗೆ ಓದಬಹುದು. ಅಂಚನ್ನು ನಾನು ನೋಡಿಯೇ ಇರಲಿಲ್ಲ.

ಸರಿಯಾದ ಪ್ರಿಂಟು ತಗೊಂಡು ಮತ್ತೆ ಹೋದೆ. ತಪ್ಪಾಯ್ತು ಅಜ್ಜಿ, ನೀವು ಹೇಳಿದ್ದೇ ಸರಿ ಅಂದೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಕಲ್ಲಿನ ಬಗ್ಗೆ ಮಾತೇ ಇಲ್ಲ. ಸಾಲಿನಲ್ಲಿ ಮೂರನೆಯ ಬಿಂದಿಗೆಯ ಮೇಲೆ ಬೆರಳಿಟ್ಟರು.

'ಈ ಸೊಟ್ಟ ಬಿಂದಿಗೆ ನಮ್ದು. ನಿಮ್ಮಮ್ಮ ತಗೊಂಡು ಹೋದೋಳು ವಾಪಸ್ ಕೊಡ್ಲೇ ಇಲ್ಲ.'