ಬಣ್ಣದ ಘಟಕದ ನೀರು ಉಳಿದದ್ದು ಘಟಕದ ಹೊರಗೆ

ಹತ್ತಿಯ ನಿಟ್ ಬಟ್ಟೆಗೆ (ಟೀ ಶರ್ಟಿನಂಥ ಹೆಣೆದ ಬಟ್ಟೆ) ಬಣ್ಣ ಹಾಕುವ ಘಟಕದಲ್ಲಿ ಪ್ರೊಸೆಸ್ ನೋಡಿಕೊಳ್ಳುವುದು ನನ್ನ ಕೆಲಸ. ನೀರು ಕಡಿಮೆ ಮಾಡಿ, ಉಪ್ಪು ಕಡಿಮೆ ಮಾಡಿ, ಉಗಿ ಕಡಿಮೆ ಮಾಡಿ ಅಂತ ಎಲ್ಲರೂ ಬಂದು ಹೇಳುವುದು ನಮಗೇ. ಕೊಳಕು ನೀರು ಹೊರಗೆ ಬರುವುದು ನಮ್ಮ ಪೈಪಿನಿಂದ ತಾನೇ! ಆದರೆ ಒಂದೊಂದು ಲಾಟಿನ, ಅಂದರೆ ಒಮ್ಮೆಗೆ ಯಂತ್ರಕ್ಕೆ ಹಾಕುವ ಬಟ್ಟೆಯ, ಲೆಕ್ಕ ಬಿಡಿಸಿ ನೋಡಿದರೆ ಕಥೆ ಬೇರೆಯೇ ಇತ್ತು. ಬಟ್ಟೆಗೆ ಎಷ್ಟು ನೀರು ಬೇಕು ಅನ್ನುವುದು ಅದು ನಮ್ಮ ಬಾಗಿಲಿಗೆ ಬರುವ ಮೊದಲೇ ಬಹುಪಾಲು ತೀರ್ಮಾನವಾಗಿರುತ್ತದೆ. ನೂಲಿಗೆ ಯಾವ ವ್ಯಾಕ್ಸ್ ಹಚ್ಚಿದ್ದಾರೆ, ನಿಟ್ಟಿಂಗ್ ಸೂಜಿಗೆ ಯಾವ ಎಣ್ಣೆ ಬಿಟ್ಟಿದ್ದಾರೆ, ಡಿಸೈನರ್ ಯಾವ ಶೇಡ್ ಆರಿಸಿದ್ದಾರೆ, ಯಂತ್ರದ ಡ್ರೇನ್ ಎಷ್ಟು ಚೆನ್ನಾಗಿ ಇಳಿಯುತ್ತದೆ. ಇವುಗಳಲ್ಲಿ ಒಂದೂ ನನ್ನ ಕೈಯಲ್ಲಿರಲಿಲ್ಲ.

ಹಾಗಾಗಿ ನಾವು ನೂಲಿನ ಮಿಲ್, ನಿಟ್ಟಿಂಗ್‌ನವರು, ಕೆಮಿಕಲ್ ಸಪ್ಲೈಯರ್, ಯಂತ್ರದ ಕಂಪನಿ, ಬ್ರಾಂಡ್ ಮತ್ತು ಅಕ್ಕಪಕ್ಕದ ಡೈಯಿಂಗ್ ಘಟಕಗಳನ್ನು ಒಂದೇ ಮೇಜಿಗೆ ಕೂರಿಸಿದೆವು. ಅಲ್ಲಿ ನಡೆದದ್ದನ್ನು ಬರೆಯುತ್ತೇನೆ. ಹತ್ತಿಗೆ ರಿಯಾಕ್ಟಿವ್ ಬಣ್ಣ ಹಾಕುವ ಯಾರಿಗಾದರೂ ಇದರಲ್ಲಿ ಒಂದಿಷ್ಟು ಉಪಯೋಗಕ್ಕೆ ಬರಬಹುದು.

ಮೊದಲು ನೀರು ಹೋಗುವುದೆಲ್ಲಿ ಅಂತ ನೋಡೋಣ. ಬಣ್ಣ ಹಾಕುವುದಕ್ಕೆ ಒಂದು ಬಾತ್, ಅಂದರೆ ಯಂತ್ರಕ್ಕೆ ಒಮ್ಮೆ ತುಂಬುವ ನೀರು, ಸಾಕು. ಮಿಕ್ಕದ್ದೆಲ್ಲ ಅದಕ್ಕೆ ಮುಂಚಿನ ಮತ್ತು ನಂತರದ ತೊಳೆತ. ರಿಯಾಕ್ಟಿವ್ ಬಣ್ಣ ಹತ್ತಿಯ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. ತೊಂದರೆ ಏನೆಂದರೆ, ಬಣ್ಣ ಬೆಸೆಯಲು ಸೋಡಾ ಆಶ್ ಎಂಬ ಕ್ಷಾರ ಹಾಕಿದ ಮೇಲೆ ಅದು ನೀರಿನ ಜೊತೆಗೂ ಬೆಸೆದುಕೊಳ್ಳುತ್ತದೆ. ಹಾಗೆ ಸತ್ತುಹೋದ ಬಣ್ಣ ಎಳೆಯೊಳಗೆ ಸುಮ್ನೆ ಕೂತಿರುತ್ತದೆ. ಹಳೆಯ ಮಾದರಿಯ ಬಣ್ಣಗಳಲ್ಲಿ ಇದು ಹಾಕಿದ್ದರ ಮೂರನೇ ಒಂದು ಭಾಗದವರೆಗೂ ಹೋಗುತ್ತದೆ. ಅದನ್ನು ಪೂರ್ತಿ ತೆಗೆಯದಿದ್ದರೆ ಗಿರಾಕಿಯ ಮನೆಯ ಬಕೆಟ್ಟಿನಲ್ಲಿ ಬಿಡುತ್ತದೆ.

ಉಪ್ಪಿನ ಕಥೆಯೂ ಇದಕ್ಕೇ ಅಂಟಿಕೊಂಡಿದೆ. ನೀರಿನಲ್ಲಿ ಹತ್ತಿಗೂ ಋಣ ಚಾರ್ಜ್, ಬಣ್ಣಕ್ಕೂ ಋಣ ಚಾರ್ಜ್. ಒಂದನ್ನೊಂದು ದೂರ ತಳ್ಳುತ್ತವೆ. ಆ ಜಗಳ ಬಿಡಿಸಲು ಉಪ್ಪು ಬೇಕು. ಗಾಢ ಶೇಡಿಗೆ ಲೀಟರಿಗೆ 80 ಗ್ರಾಂ ಹಾಕುವುದು ಸಾಮಾನ್ಯ. ಒಂದು ಕಿಲೋ ಬಟ್ಟೆಗೆ ಎಂಟು ಲೀಟರ್ ನೀರು ಅಂದುಕೊಂಡರೆ 640 ಗ್ರಾಂ ಉಪ್ಪಾಯಿತು. ಅದರಲ್ಲಿ ಒಂದು ಕಾಳೂ ಬಟ್ಟೆಯಲ್ಲಿ ಉಳಿಯಬಾರದು. ಅಷ್ಟೂ ಚರಂಡಿಗೆ.

ನಮ್ಮಲ್ಲಿ ಮೊದಲು ಗಂಟು ಬಿಚ್ಚಿದ್ದು ಕೆಮಿಕಲ್ ಸಪ್ಲೈಯರ್ ವಿಷಯದಲ್ಲಿ. ಸತ್ತ ಬಣ್ಣ ತೊಳೆಯುವ ಸೋಪನ್ನು ಅವರು ಕಿಲೋ ಲೆಕ್ಕದಲ್ಲಿ ಮಾರುತ್ತಾರೆ. ಸೋಪು ಕಡಿಮೆ ಹಾಕುವುದು ಹೇಗೆ ಅಂತ ಅವರನ್ನೇ ಕೇಳಿದರೆ ಏನು ಹೇಳಿಯಾರು? ಅದಕ್ಕೆ ಒಪ್ಪಂದವನ್ನೇ ಬದಲಾಯಿಸಿದೆವು. ಕೆಮಿಕಲ್‌ನ ತೂಕಕ್ಕೆ ದುಡ್ಡಿಲ್ಲ, ತೊಳೆದು ಪಾಸಾದ ಬಟ್ಟೆಯ ತೂಕಕ್ಕೆ ದುಡ್ಡು. ಇದೇನೂ ನಮ್ಮ ತಲೆಯಿಂದ ಹುಟ್ಟಿದ್ದಲ್ಲ. ಕೆಮಿಕಲ್ ಲೀಸಿಂಗ್ ಅಂತ ವಿಶ್ವಸಂಸ್ಥೆಯ ಯುನಿಡೋ ಬಹಳ ಕಾಲದಿಂದ ಪ್ರಚಾರ ಮಾಡುತ್ತಿರುವ ಪದ್ಧತಿ. ಸಹಿ ಬಿದ್ದ ಮೇಲೆ ಅದೇ ಸಪ್ಲೈಯರ್‌ನ ಟೆಕ್ನಿಷಿಯನ್ ನಮ್ಮ ರೆಸಿಪಿ ತೆಗೆದು ನೋಡಿ, 'ಎರಡನೇ ಸೋಪಿಂಗ್ ಬೇಡವೇ ಬೇಡ, ಉಪ್ಪು ಇಳಿಯುವ ಮುಂಚೆ ಯಾಕೆ ಕುದಿಸುತ್ತೀರಿ?' ಅಂದರು. ಜ್ಞಾನ ಅವರ ಹತ್ತಿರ ಮೊದಲಿನಿಂದಲೂ ಇತ್ತು. ಹೇಳುವುದಕ್ಕೆ ಕಾರಣ ಇರಲಿಲ್ಲ, ಅಷ್ಟೇ.

ಅವರು ಹೇಳಿದ್ದು ಸರಿ. ಬಣ್ಣವನ್ನು ಎಳೆಯೊಳಗೆ ತಳ್ಳಿದ ಉಪ್ಪೇ ಸತ್ತ ಬಣ್ಣವನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಬಾತ್‌ನಲ್ಲಿ ಉಪ್ಪು ಲೀಟರಿಗೆ ಒಂದೆರಡು ಗ್ರಾಂಗೆ ಇಳಿಯದೆ ಎಷ್ಟೇ ಬಿಸಿ ಮಾಡಿ, ಎಷ್ಟೇ ಸೋಪು ಸುರಿಯಿರಿ, ಕೆಲಸ ಅರ್ಧಂಬರ್ಧ. ಮೊದಲು ತಣ್ಣೀರು ಅಥವಾ ಉಗುರುಬಿಸಿ ನೀರಿನಲ್ಲಿ ಉಪ್ಪು ಮತ್ತು ಕ್ಷಾರ ಇಳಿಸಬೇಕು. ಅಸಿಟಿಕ್ ಆಸಿಡ್‌ನಿಂದ ನ್ಯೂಟ್ರಲ್ ಮಾಡಬೇಕು. ಆಮೇಲೆ 95 ಡಿಗ್ರಿಯ ಬಿಸಿನೀರು. ಸತ್ತ ಬಣ್ಣವನ್ನು ಹೊರಗೆ ತರುವುದು ಹೆಚ್ಚಾಗಿ ಆ ಬಿಸಿಯೇ, ಸೋಪಲ್ಲ.

ಈಗ ಪ್ರತಿ ತೊಳೆತಕ್ಕೂ ಆಪರೇಟರ್ ಒಂದು ಲೋಟ ನೀರು ಹಿಡಿದು, ಎಷ್ಟು ಉಪ್ಪಿದೆ ಅಂತ ತಿಳಿಯಲು ಕಂಡಕ್ಟಿವಿಟಿ ಮೀಟರ್ ಅದ್ದುತ್ತಾನೆ. ಅಂಕಿ ಇಳಿದಿದ್ದರೆ ಮುಂದಿನ ಹೆಜ್ಜೆ. ಇಲ್ಲದಿದ್ದರೆ ಇನ್ನೊಂದು ತಣ್ಣೀರು. ಕೊನೆಗೆ ಒಂದು ಒದ್ದೆ ತುಂಡನ್ನು ಎರಡು ಬಿಳಿ ಹತ್ತಿ ತುಂಡುಗಳ ನಡುವೆ ಇಟ್ಟು ಬಿಸಿ ಇಸ್ತ್ರಿ ಒತ್ತುತ್ತೇವೆ. ಹಬೆ ಏಳುತ್ತದೆ, ತುಂಡು ಒಣಗುತ್ತದೆ. ಬಿಳಿ ಬಟ್ಟೆಯ ಮೇಲೆ ಕಲೆ ಮೂಡಿದರೆ ಸತ್ತ ಬಣ್ಣ ಇನ್ನೂ ಒಳಗಿದೆ ಅಂತ ಅರ್ಥ. ಲ್ಯಾಬ್ ರಿಪೋರ್ಟ್ ಬರುವವರೆಗೆ ಯಂತ್ರ ನಿಲ್ಲಿಸಬೇಕಾಗಿಲ್ಲ. ಈ ಪರೀಕ್ಷೆಯನ್ನು ಬ್ರಾಂಡ್‌ನವರೂ ಒಪ್ಪಿಕೊಳ್ಳುವಂತೆ ಮಾಡಿದ್ದು ದೊಡ್ಡ ವಿಷಯ. ಮೊದಲೆಲ್ಲ ಅವರ ಭಯಕ್ಕೆ ನಾವು ಒಂದು ತೊಳೆತ ಜಾಸ್ತಿಯೇ ಮಾಡುತ್ತಿದ್ದೆವು.

ಯಂತ್ರದ ಕಂಪನಿಯ ಎಂಜಿನಿಯರ್ ಜೊತೆ ಮಾಡಿದ ಲೆಕ್ಕ ನನಗೆ ಎಲ್ಲಕ್ಕಿಂತ ಇಷ್ಟ. ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ. ನೀರು ಡ್ರೇನ್ ಆದ ಮೇಲೂ ಬಟ್ಟೆ ತನ್ನ ತೂಕದ ಸುಮಾರು ಮೂರು ಪಟ್ಟು ನೀರು ಹಿಡಿದುಕೊಂಡಿರುತ್ತದೆ. ಕಿಲೋಗೆ ಎಂಟು ಲೀಟರ್ ತುಂಬುವ ಯಂತ್ರದಲ್ಲಿ, ಎಂಟರಲ್ಲಿ ಮೂರು ಪಾಲು ಹಳೆಯ ನೀರು ಮುಂದಿನ ಬಾತ್‌ಗೂ ಬರುತ್ತದೆ. 80 ಗ್ರಾಂ ಉಪ್ಪು ಮೊದಲ ತೊಳೆತಕ್ಕೆ 30, ಎರಡನೆಯದಕ್ಕೆ 11, ಮೂರನೆಯದಕ್ಕೆ 4, ನಾಲ್ಕನೆಯದಕ್ಕೆ ಒಂದೂವರೆಗೆ ಇಳಿಯುತ್ತದೆ. ನಾಲ್ಕು ತೊಳೆತ ಬೇಕು. ಈಗ ಉಪ್ಪನ್ನು 80ರಿಂದ 50ಕ್ಕೆ ಇಳಿಸಿದಿರಿ ಅನ್ನಿ. 19, 7, ಎರಡೂವರೆ ಚಿಲ್ಲರೆ, 1. ಗುರಿ ಒಂದೂವರೆ ಗ್ರಾಂ ಆದರೆ ಮತ್ತೆ ನಾಲ್ಕೇ! ಉಪ್ಪು ಉಳಿಯಿತು, ನೀರು ಉಳಿಯಲಿಲ್ಲ. ಆದರೆ ಬಟ್ಟೆ ಹಿಡಿದುಕೊಳ್ಳುವ ನೀರನ್ನು ಮೂರು ಪಟ್ಟಿನಿಂದ ಎರಡಕ್ಕೆ ಇಳಿಸಿದರೆ? 80, 20, 5, ಒಂದೂಕಾಲು. ಮೂರೇ ತೊಳೆತಕ್ಕೆ ಮುಗಿಯಿತು.

ಹಾಗಾಗಿ ನಮ್ಮ ಗಮನವೆಲ್ಲ ಡ್ರೇನ್ ಕಡೆಗೆ ಹೋಯಿತು. ಎಂಜಿನಿಯರ್ ಪ್ರೋಗ್ರಾಂ ಬದಲಾಯಿಸಿ, ನೀರು ಇಳಿಯುವಾಗಲೂ ಬಟ್ಟೆ ಎಳೆಯುವ ರೀಲ್ ತಿರುಗುವಂತೆ ಮಾಡಿದರು. ಡ್ರೇನ್‌ಗೆ ಕೆಲವು ನಿಮಿಷ ಹೆಚ್ಚು ಕೊಟ್ಟೆವು. ತಳದಲ್ಲಿ ನೀರು ನಿಲ್ಲುತ್ತಿದ್ದ ಕಡೆ ಪೈಪಿನ ಇಳಿಜಾರು ಸರಿಮಾಡಿದರು. ಮೇಲಿಂದ ನೀರು ಬಿಟ್ಟು ಉಕ್ಕಿಸಿ ತೊಳೆಯುವ ಓವರ್‌ಫ್ಲೋ ಪದ್ಧತಿಯನ್ನು ನಮ್ಮ ಯಂತ್ರಗಳಲ್ಲಿ ಪೂರ್ತಿ ಕೈಬಿಟ್ಟೆವು. ಆಪರೇಟರ್‌ಗಳು ಮೊದಲು ಮೂಗು ಮುರಿದರು, ಡ್ರೇನ್‌ಗೆ ಅಷ್ಟು ಹೊತ್ತು ಕಾಯುವುದು ಯಾರಿಗೆ ಬೇಕು ಅಂತ. ಒಂದು ತೊಳೆತವೇ ಕಡಿಮೆಯಾಗಿ ಲಾಟ್ ಬೇಗ ಇಳಿಯತೊಡಗಿದ ಮೇಲೆ ಯಾರೂ ಮಾತಾಡಲಿಲ್ಲ.

ನೂಲಿನ ಮಿಲ್ ಮತ್ತು ನಿಟ್ಟಿಂಗ್‌ನವರ ಪಾಲು ಬಣ್ಣಕ್ಕಿಂತ ಮುಂಚಿನ ತೊಳೆತದಲ್ಲಿ. ನೂಲು ಸೂಜಿಯಲ್ಲಿ ಸಲೀಸಾಗಿ ಓಡಲಿ ಅಂತ ಪ್ಯಾರಫಿನ್ ವ್ಯಾಕ್ಸ್ ಹಚ್ಚುತ್ತಾರೆ. ಸೂಜಿಗಳಿಗೆ ಎಣ್ಣೆ. ಇವೆರಡೂ ಹೋಗಲಿ ಅಂತ ನಾವು ಕಾಸ್ಟಿಕ್ ಸೋಡಾ ಹಾಕಿ 95 ಡಿಗ್ರಿಯಲ್ಲಿ ಬೇಯಿಸುತ್ತಿದ್ದೆವು. ಹೋಗದೆ ಉಳಿದ ಎಣ್ಣೆ, ಬಟ್ಟೆಯನ್ನು ಬಿಸಿಗಾಳಿಯಲ್ಲಿ ಒಣಗಿಸುವ ಸ್ಟೆಂಟರ್‌ನಲ್ಲಿ ಹೊಗೆಯಾಗಿ ಏಳುತ್ತಿತ್ತು. ನೂಲಿನ ಮಿಲ್ ನೀರಿನಲ್ಲಿ ಸುಲಭವಾಗಿ ಕದಡುವ ವ್ಯಾಕ್ಸ್‌ಗೆ ಬದಲಾಯಿಸಿತು. ನಿಟ್ಟಿಂಗ್‌ನವರು ತೊಳೆದರೆ ಹೋಗುವ ಎಣ್ಣೆ ತಂದರು. ಆಮೇಲೆ ಗಾಢ ಮತ್ತು ಮಧ್ಯಮ ಶೇಡುಗಳಿಗೆ ಕಾಸ್ಟಿಕ್ ಬಿಟ್ಟು ಪೆಕ್ಟೇಟ್ ಲೈಯೇಸ್ ಎಂಜೈಮಿಗೆ ಬಂದೆವು. 55ರಿಂದ 60 ಡಿಗ್ರಿ ಸಾಕು, ಪಿಎಚ್ ಎಂಟರ ಆಸುಪಾಸು. ಆದರೆ ಇದು ಬೀಜದ ಸಿಪ್ಪೆಯ ಚುಕ್ಕಿಗಳನ್ನು ತೆಗೆಯುವುದಿಲ್ಲ. ಬಿಳಿಗೂ ತೆಳು ಶೇಡುಗಳಿಗೂ ಹಳೆಯ ಬ್ಲೀಚೇ ಗತಿ. ಎಂಜೈಮ್ ಎಲ್ಲದಕ್ಕೂ ಆಗುತ್ತದೆ ಅನ್ನುವವರ ಮಾತು ನಂಬಬೇಡಿ.

ಬ್ಲೀಚ್ ಆದ ಬಟ್ಟೆಯಲ್ಲಿ ಉಳಿದ ಪೆರಾಕ್ಸೈಡ್ ತೆಗೆಯಲು ಮೊದಲು ಎರಡು ಮೂರು ಬಾತ್ ತೊಳೆಯುತ್ತಿದ್ದೆವು. ಈಗ ಕ್ಯಾಟಲೇಸ್ ಎಂಜೈಮ್ ಹಾಕಿದರೆ ಹತ್ತು ಹದಿನೈದು ನಿಮಿಷದಲ್ಲಿ ಅದು ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಟೆಸ್ಟ್ ಸ್ಟ್ರಿಪ್ ಬಣ್ಣ ಬದಲಾಯಿಸದಿದ್ದರೆ ಅದೇ ಬಾತ್‌ನಲ್ಲೇ ಬಣ್ಣ ಶುರು.

ಪಕ್ಕದ ಘಟಕಗಳ ಜೊತೆ ಮಾತು ಎಲ್ಲಕ್ಕಿಂತ ಕಷ್ಟವಾಯಿತು. ಅವರು ನಮ್ಮ ಪೈಪೋಟಿಯವರು. ರೆಸಿಪಿ ತೋರಿಸಲು ಯಾರೂ ತಯಾರಿಲ್ಲ, ನಾನೂ ತಯಾರಿರಲಿಲ್ಲ. ಆದರೆ ನೀರು ಶುದ್ಧ ಮಾಡುವ ಪ್ಲಾಂಟ್ ಎಲ್ಲರಿಗೂ ಒಂದೇ. ಅಲ್ಲಿ ಆರ್‌ಓ (ಪೊರೆಯಲ್ಲಿ ಒತ್ತಿ ನೀರು ಸೋಸುವುದು) ಆದ ಮೇಲೆ ಉಳಿಯುವ ಗಟ್ಟಿ ಉಪ್ಪುನೀರನ್ನು ಆವಿಯಾಗಿಸಿದರೆ ಕೊನೆಗೆ ಉಪ್ಪು ಸಿಗುತ್ತದೆ. ಒಬ್ಬರು ಅಡಿಗೆ ಉಪ್ಪಿನ ಜಾತಿಯ ಸೋಡಿಯಂ ಕ್ಲೋರೈಡ್ ಬಳಸುತ್ತಾರೆ, ಇನ್ನೊಬ್ಬರು ಗ್ಲಾಬರ್ ಉಪ್ಪು, ಅಂದರೆ ಸೋಡಿಯಂ ಸಲ್ಫೇಟ್. ಎರಡೂ ಬೆರೆತು ಬಂದ ಉಪ್ಪು ಯಾರಿಗೂ ಬೇಡ. ಅದನ್ನೇನು ಮಾಡುತ್ತೀರಿ? ಚೀಲಗಳಲ್ಲಿ ತುಂಬಿ ಶೆಡ್ಡಿನಲ್ಲಿ ಪೇರಿಸುವುದೇ ಕೆಲಸ.

ಎಲ್ಲರೂ ಗ್ಲಾಬರ್ ಉಪ್ಪಿಗೇ ಬರೋಣ ಅಂತ ಒಪ್ಪಿಕೊಳ್ಳಲು ರೆಸಿಪಿ ತೋರಿಸಬೇಕಾಗಿರಲಿಲ್ಲ. ಅದೇ ಅನುಕೂಲವಾಯಿತು. ಸೋಡಿಯಂ ಸಲ್ಫೇಟ್‌ಗೆ ಒಂದು ಒಳ್ಳೆ ಗುಣ ಇದೆ. 32 ಡಿಗ್ರಿಯಿಂದ ಕೆಳಗೆ ತಣ್ಣಗಾಗುತ್ತಿದ್ದಂತೆ ನೀರಿನಲ್ಲಿ ಕರಗುವ ಪ್ರಮಾಣ ಧಡಕ್ಕನೆ ಇಳಿದು, ಹರಳುಗಳಾಗಿ ಕೆಳಗೆ ಕೂರುತ್ತದೆ. ತಣಿಸಿದರೆ ಸಾಕು, ಸಾಕಷ್ಟು ಶುದ್ಧವಾಗಿ ಬೇರೆ ಮಾಡಬಹುದು. ಕ್ಲೋರೈಡ್ ಹೀಗೆ ಮಾಡುವುದಿಲ್ಲ, ಮೇಲಾಗಿ ಸ್ಟೀಲನ್ನೂ ತಿನ್ನುತ್ತದೆ. ಹರಳುಗಳನ್ನು ಲ್ಯಾಬಿನಲ್ಲಿ ನೋಡಿ, ಗಡಸುತನ ಮತ್ತು ಬಣ್ಣದ ಅಂಶ ಪರೀಕ್ಷಿಸಿ, ಕಪ್ಪು ಮತ್ತು ನೇವಿ ಶೇಡುಗಳಿಗೆ ಮತ್ತೆ ಬಳಸುತ್ತೇವೆ. ತೆಳು ಶೇಡಿಗೆ ಬಳಸುವ ಧೈರ್ಯ ನನಗಿನ್ನೂ ಬಂದಿಲ್ಲ.

ಇನ್ನು ಬ್ರಾಂಡ್. ಸುಸ್ಥಿರತೆಯ ಸಭೆಗೆ ಬರುವವರು ಬೇರೆ, ಶೇಡ್ ಪಾಸು ಮಾಡುವವರು ಬೇರೆ, ಅಲ್ವಾ? ನಾವು ಎರಡನೆಯವರನ್ನು ಕರೆಸಲು ಹಟ ಹಿಡಿದೆವು. ಬಣ್ಣದ ಘಟಕದಲ್ಲಿ ಶೇಡ್ ತಪ್ಪಿದ ಲಾಟಿಗಿಂತ ದೊಡ್ಡ ಪೋಲು ಇನ್ನೊಂದಿಲ್ಲ. ಹಾಕಿದ ಬಣ್ಣ ಕಿತ್ತು ಮತ್ತೆ ಹಾಕಬೇಕು. ಶೇಡ್ ತಪ್ಪುವುದಕ್ಕೆ ಒಂದು ಕಾರಣ ಸ್ಯಾಂಪಲ್. ಅವರು ಪಾಲಿಯೆಸ್ಟರ್ ತುಂಡನ್ನೋ ಕಾಗದದ ಕಾರ್ಡನ್ನೋ ಕಳಿಸಿ ಹತ್ತಿಯಲ್ಲಿ ಇದೇ ಬೇಕು ಅನ್ನುತ್ತಿದ್ದರು. ಒಂದು ದೀಪದಲ್ಲಿ ಹೊಂದುತ್ತದೆ, ಇನ್ನೊಂದರಲ್ಲಿ ಇಲ್ಲ. ಈಗ ಹತ್ತಿಯ ಮೇಲೇ, ರಿಯಾಕ್ಟಿವ್ ಬಣ್ಣದಲ್ಲೇ ಮಾಡಿದ ಸ್ಯಾಂಪಲ್ ಮತ್ತು ಬಣ್ಣ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್‌ನ ಫೈಲ್ ಬರುತ್ತದೆ. ಎರಡು ಬಣ್ಣಗಳ ವ್ಯತ್ಯಾಸದ ಅಳತೆಯಾದ ಡೆಲ್ಟಾ ಇ 1ರ ಒಳಗೆ ಬಂದರೆ ನಮ್ಮಲ್ಲೇ ಪಾಸು. ಕಣ್ಣಿನ ಜಗಳ ನಿಂತಿತು.

ಆರ್ಡರ್‌ಗಳನ್ನು ಚೂರು ಚೂರಾಗಿ ಕೊಡಬೇಡಿ ಅಂತಲೂ ಕೇಳಿಕೊಂಡೆವು. ಅರ್ಧ ತುಂಬಿದ ಯಂತ್ರಕ್ಕೂ ಪಂಪ್ ಓಡಲು ಇಂತಿಷ್ಟು ನೀರು ಬೇಕೇ ಬೇಕು. ಮುಂದಿನ ವಾರಗಳ ಶೇಡ್ ಪಟ್ಟಿ ಮೊದಲೇ ಸಿಕ್ಕರೆ ತೆಳುವಿನಿಂದ ಗಾಢಕ್ಕೆ ಸಾಲು ಹಚ್ಚಬಹುದು, ನಡುವೆ ಯಂತ್ರ ತೊಳೆಯುವ ನೀರೂ ಉಳಿಯುತ್ತದೆ.

ಟರ್ಕಾಯ್ಸ್ (ಹಸಿರು ಬೆರೆತ ನೀಲಿ) ಮಾತ್ರ ಈಗಲೂ ತಲೆನೋವು. ಆ ಬಣ್ಣದ ಅಣು ದೊಡ್ಡದು, ತಾಮ್ರ ಇರುತ್ತದೆ, ಎಳೆಗೆ ಹಿಡಿಯುವುದು ಕಡಿಮೆ, ತೊಳೆದು ಮುಗಿಯುವುದಿಲ್ಲ. ಡಿಸೈನರ್‌ಗೆ ಒಂದೇ ಬಟ್ಟೆಯ ಎರಡು ಶೇಡಿನ ಕೊನೆಯ ತೊಳೆತದ ನೀರನ್ನು ಗಾಜಿನ ಲೋಟದಲ್ಲಿ ತೋರಿಸಿದೆವು. ಬಣ್ಣದ ಪಟ್ಟಿಯಿಂದ ತೆಗೆಯಲಿಲ್ಲ, ಆದರೆ ದೊಡ್ಡ ಆರ್ಡರ್ ಬದಲು ಸಣ್ಣ ಪಟ್ಟೆಗಳಿಗೆ ಸೀಮಿತ ಮಾಡಿದರು. ಅಷ್ಟಕ್ಕೇ ಖುಷಿಪಟ್ಟೆವು.

ಕೈಬಿಟ್ಟ ಪ್ರಯೋಗವೂ ಇದೆ. ಹತ್ತಿಗೆ ಧನ ಚಾರ್ಜ್ ಕೊಟ್ಟರೆ ಉಪ್ಪೇ ಬೇಡ ಅನ್ನುವ ಕ್ಯಾಟಯಾನಿಕ್ ಪದ್ಧತಿ ಕೇಳಲು ಬಹಳ ಚೆಂದ. ಉಪ್ಪು ನಿಜಕ್ಕೂ ಬೇಕಾಗಲಿಲ್ಲ. ಬಣ್ಣ ಎಷ್ಟು ಬೇಗ ಹತ್ತಿತೆಂದರೆ ಸಮನಾಗಿ ಕೂರಲೇ ಇಲ್ಲ, ಪಟ್ಟೆ ಪಟ್ಟೆಯಾಯಿತು. ಮೀನಿನ ವಾಸನೆ ಬೇರೆ. ಉದ್ದೇಶಪೂರ್ವಕವಾಗಿ ಹಳಸಿದಂತೆ ಕಾಣಬೇಕಾದ ಬಟ್ಟೆಗೆ ಆಗಬಹುದು, ಪ್ಲೇನ್ ಜೆರ್ಸಿಗೆ, ಅಂದರೆ ಸಾದಾ ನಿಟ್ ಬಟ್ಟೆಗೆ, ನಮ್ಮಿಂದ ಆಗಲಿಲ್ಲ.

ದುಡ್ಡಿನ ವಿಷಯ ಬರೆಯದಿದ್ದರೆ ಸುಳ್ಳಾಗುತ್ತದೆ. ವ್ಯಾಕ್ಸ್ ಬದಲಾಯಿಸಿದ್ದರಿಂದ ಖರ್ಚು ನೂಲಿನ ಮಿಲ್‌ಗೆ, ಉಗಿ ಉಳಿದದ್ದು ನಮಗೆ. ಹೀಗಾದರೆ ಅವರು ಎಷ್ಟು ದಿನ ಬರುತ್ತಾರೆ? ಅವರ ಹೆಚ್ಚುವರಿ ಖರ್ಚನ್ನು ನಾವು ಕೊಡುತ್ತೇವೆ ಅಂತ ಬರೆದುಕೊಟ್ಟೆವು. ಟ್ರಯಲ್ ಲಾಟ್ ಕೆಟ್ಟರೆ ನಷ್ಟ ಯಾರಿಗೆ ಅನ್ನುವುದನ್ನೂ ಟ್ರಯಲ್‌ಗೆ ಮುಂಚೆಯೇ ಬರೆದಿಟ್ಟೆವು. ಬ್ರಾಂಡ್, ಸಪ್ಲೈಯರ್, ನಾವು, ಮೂವರೂ ಹಂಚಿಕೊಳ್ಳಬೇಕು. ಈ ಕಾಗದ ಇಲ್ಲದ ಮೊದಲ ತಿಂಗಳುಗಳಲ್ಲಿ ಸಭೆಗಳು ಮಾತ್ರ ನಡೆದವು, ಟ್ರಯಲ್ ನಡೆಯಲಿಲ್ಲ.

ಈಗ ನಮ್ಮ ಮುಂದಿರುವುದು ಸ್ಪಾಂಡೆಕ್ಸ್ (ರಬ್ಬರಿನಂತೆ ಹಿಗ್ಗುವ ಎಳೆ) ಬೆರೆತ ಬಟ್ಟೆ. ಆ ಎಳೆಯ ಮೇಲೆ ಸಿಲಿಕೋನ್ ಎಣ್ಣೆ ಇರುತ್ತದೆ, ಎಂಜೈಮ್ ತೊಳೆತಕ್ಕೆ ಜಗ್ಗುವುದಿಲ್ಲ. ಬಣ್ಣಕ್ಕೆ ಮುಂಚೆ ಹೀಟ್ ಸೆಟ್ ಮಾಡಿದರೆ, ಅಂದರೆ ಬಟ್ಟೆಯ ಅಳತೆ ನಿಲ್ಲಲು ಬಿಸಿ ಕೊಟ್ಟರೆ, ಆ ಎಣ್ಣೆ ಇನ್ನೂ ಗಟ್ಟಿಯಾಗಿ ಕೂರುತ್ತದೆ. ಎಳೆ ತಯಾರಿಸುವವರು ಇಲ್ಲಿಯವರೆಗೆ ಮೇಜಿಗೆ ಬಂದಿರಲಿಲ್ಲ. ಕಡಿಮೆ ಎಣ್ಣೆಯ ಎಳೆ ಸುತ್ತಿದ ಕೆಲವು ಕೋನ್ ಕಳಿಸಲು ಈಗ ಒಪ್ಪಿದ್ದಾರೆ. ಟ್ರಯಲ್ ಕಪ್ಪು ಶೇಡಿನಲ್ಲಿ ಶುರುಮಾಡುತ್ತೇವೆ, ನಷ್ಟ ಹಂಚಿಕೆಯ ಕಾಗದಕ್ಕೆ ಅವರ ಸಹಿ ಬಿದ್ದ ಮೇಲೆ.