ಪೊಟ್ಟಣದ ಹಿಂಬದಿ ಓದುವುದು ಹೇಗೆ?

ಆಹಾರದ ಪೊಟ್ಟಣದ ಮುಂಬದಿಯನ್ನು ಬರೆಯುವವರು ಮಾರಾಟ ವಿಭಾಗದವರು. ಹಿಂಬದಿಯನ್ನು ಬರೆಸುವುದು ಕಾನೂನು. ‘ನೈಸರ್ಗಿಕ’, ‘ಶಕ್ತಿದಾಯಕ’ ಎಂಬ ದಪ್ಪಕ್ಷರಗಳಿಗೆ ಮರುಳಾಗುವ ಮೊದಲು ಪೊಟ್ಟಣವನ್ನು ತಿರುಗಿಸಿ. ಅಕ್ಷರ ತೀರಾ ಸಣ್ಣದಿದ್ದರೆ ಮೊಬೈಲ್‌ನಲ್ಲಿ ಫೋಟೊ ತೆಗೆದು ಹಿಗ್ಗಿಸಿ ಓದಿ, ಸಂಕೋಚ ಬೇಡ.

ಮೊದಲ ಹೆಜ್ಜೆ: ಅಂಕಿಗಳು ಎಷ್ಟು ಪ್ರಮಾಣಕ್ಕೆ ಎಂದು ನೋಡಿ
ಹೆಚ್ಚಿನವರು ಎಡವುವುದು ಇಲ್ಲೇ. ಪೋಷಕಾಂಶಗಳ ಪಟ್ಟಿಯಲ್ಲಿ ‘120 ಕಿಲೋಕ್ಯಾಲರಿ’ ಎಂದಿದ್ದರೆ ಅದು ಇಡೀ ಪೊಟ್ಟಣದ ಲೆಕ್ಕವಲ್ಲದಿರಬಹುದು. ಒಂದು ಸರ್ವಿಂಗ್ (ಒಮ್ಮೆಗೆ ತಿನ್ನಲೆಂದು ತಯಾರಕರು ಲೆಕ್ಕ ಹಾಕಿದ ಪ್ರಮಾಣ) ಎಂದರೆ 30 ಗ್ರಾಂ, ಪೊಟ್ಟಣ 150 ಗ್ರಾಂ ಎಂದಾದರೆ, ಪೂರ್ತಿ ತಿಂದವರ ಹೊಟ್ಟೆ ಸೇರುವುದು 600. ಎರಡು ಉತ್ಪನ್ನಗಳನ್ನು ಹೋಲಿಸುವಾಗ 100 ಗ್ರಾಂ ಸಾಲನ್ನಷ್ಟೇ ನಂಬಿ. ಅದಿಲ್ಲದಿದ್ದರೆ ಅಂಕಿಯನ್ನು ಸರ್ವಿಂಗ್‌ನ ತೂಕದಿಂದ ಭಾಗಿಸಿ 100ರಿಂದ ಗುಣಿಸಿ.

ಎರಡನೆಯದು: ಪದಾರ್ಥಗಳ ಪಟ್ಟಿ
ಇದನ್ನು ಸಾಮಾನ್ಯವಾಗಿ ತೂಕದ ಇಳಿಕೆಯ ಕ್ರಮದಲ್ಲಿ ಬರೆಯಲಾಗುತ್ತದೆ. ಮೊದಲ ಮೂರು ಹೆಸರುಗಳೇ ಬಹುಪಾಲು ಕಥೆ ಹೇಳಿಬಿಡುತ್ತವೆ. ಆದರೆ ಸಕ್ಕರೆ ಬಹುರೂಪಿ. ಗ್ಲೂಕೋಸ್ ಸಿರಪ್, ಡೆಕ್ಸ್‌ಟ್ರೋಸ್, ಫ್ರಕ್ಟೋಸ್, ಜೇನು, ಹಣ್ಣಿನ ಸಾಂದ್ರೀಕೃತ ರಸ ಎಂದು ಹಂಚಿಹೋದಾಗ ಒಂದೊಂದೂ ಪಟ್ಟಿಯ ಕೆಳಗಿಳಿಯುತ್ತದೆ. ಒಟ್ಟುಗೂಡಿಸಿದರೆ ಅದೇ ಮೇಲಿರಬಹುದು.

ಮೂರನೆಯದು: ಸಕ್ಕರೆಯ ಸಾಲು
ಸಕ್ಕರೆ ಕಾರ್ಬೋಹೈಡ್ರೇಟ್‌ನ ಒಳಗೇ ಇರುವ ಭಾಗ, ಅದನ್ನು ಬೇರೆಯಾಗಿ ಕೂಡಿಸಬೇಡಿ. ಒಟ್ಟು ಸಕ್ಕರೆಯಲ್ಲಿ ಹಾಲು, ಹಣ್ಣುಗಳ ಸಹಜ ಸಕ್ಕರೆಯೂ ಸೇರುತ್ತದೆ. ನೀವು ಗಮನಿಸಬೇಕಾದದ್ದು ‘ಸೇರಿಸಿದ ಸಕ್ಕರೆ’. ಸೇರಿಸಿದ ಸಕ್ಕರೆ, ಜೇನು, ಸಿರಪ್, ಹಣ್ಣಿನ ರಸದ ಸಕ್ಕರೆ ಎಲ್ಲ ಸೇರಿ ದಿನದ ಶಕ್ತಿಯ ಶೇ 10ಕ್ಕಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2000 ಕಿಲೋಕ್ಯಾಲರಿಯ ಆಹಾರಕ್ಕೆ ಅದು ಸುಮಾರು 50 ಗ್ರಾಂ; ಅರ್ಧಕ್ಕಿಳಿದರೆ ಇನ್ನೂ ಒಳ್ಳೆಯದು.

ನಾಲ್ಕನೆಯದು: ಸೋಡಿಯಂ
ಉಪ್ಪು ಎಂದು ಬರೆದರೆ ಜನರಿಗೆ ಅರ್ಥವಾಗುತ್ತಿತ್ತು, ಆದರೆ ಹಲವೆಡೆ ಇರುವುದು ಸೋಡಿಯಂ. ಅದನ್ನು 2.5ರಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. 800 ಮಿಲಿಗ್ರಾಂ ಸೋಡಿಯಂ ಎಂದರೆ 2 ಗ್ರಾಂ ಉಪ್ಪು. ವಯಸ್ಕರಿಗೆ ಇಡೀ ದಿನಕ್ಕೆ ಹೇಳಿರುವ ಉಪ್ಪಿನ ಮಿತಿ 5 ಗ್ರಾಂಗಿಂತ ಕಡಿಮೆ. ನಾಲಿಗೆಯನ್ನು ನಂಬಬೇಡಿ: ಅಡುಗೆ ಸೋಡಾದಲ್ಲೂ ಸೋಡಿಯಂ ಇದೆ, ಹಾಗಾಗಿ ಸಿಹಿ ಬಿಸ್ಕತ್ತೂ ಈ ಲೆಕ್ಕದಿಂದ ತಪ್ಪಿಸಿಕೊಳ್ಳದು.

ಐದನೆಯದು: ಕೊಬ್ಬು
ಒಟ್ಟು ಕೊಬ್ಬಿಗಿಂತ, ಹೃದಯಕ್ಕೆ ಒಳ್ಳೆಯದಲ್ಲದ ಸ್ಯಾಚುರೇಟೆಡ್ ಮತ್ತು ಟ್ರಾನ್ಸ್ ಕೊಬ್ಬಿನ ಸಾಲುಗಳು ಮುಖ್ಯ. ಟ್ರಾನ್ಸ್ ಕೊಬ್ಬು ಸೊನ್ನೆ ಎಂದಿದ್ದರೂ ಪದಾರ್ಥಗಳಲ್ಲಿ ಅದರ ಮೂಲವಾದ ‘ಭಾಗಶಃ ಹೈಡ್ರೋಜನೀಕರಿಸಿದ ಎಣ್ಣೆ’ ಕಂಡರೆ ಪೊಟ್ಟಣವನ್ನು ಕಪಾಟಿಗೇ ಮರಳಿಸಿ. ಒಂದು ಸರ್ವಿಂಗ್‌ನಲ್ಲಿ ಅತ್ಯಲ್ಪ ಪ್ರಮಾಣವಿದ್ದರೆ ಸೊನ್ನೆ ಎಂದೇ ಬರೆಯಲು ಹಲವು ದೇಶಗಳ ನಿಯಮಗಳು ಬಿಡುತ್ತವೆ.

ಪಕ್ಕದಲ್ಲಿರುವ ಶೇಕಡಾ ಅಂಕಿಗಳು ಸಾಮಾನ್ಯವಾಗಿ ದಿನಕ್ಕೆ 2000 ಕಿಲೋಕ್ಯಾಲರಿ ಬೇಕಿರುವ ವಯಸ್ಕರ ಲೆಕ್ಕ. ಪುಟ್ಟ ಮಕ್ಕಳಿಗೆ ಅದನ್ನು ಹೊಂದಿಸಬೇಡಿ.

ಇಷ್ಟಾದ ಮೇಲೆ ಬೇಕಿದ್ದರೆ ಮುಂಬದಿಗೆ ಬನ್ನಿ. ‘ಸಕ್ಕರೆರಹಿತ’ ಎಂದಮಾತ್ರಕ್ಕೆ ಕ್ಯಾಲರಿರಹಿತವಲ್ಲ. ಹಿಟ್ಟು, ಕೊಬ್ಬು ಅಲ್ಲೇ ಇರುತ್ತವೆ. ಅಲರ್ಜಿ ಇರುವವರಂತೂ ವರ್ಷಗಳಿಂದ ಕೊಳ್ಳುತ್ತಿರುವ ಉತ್ಪನ್ನದ ಪಟ್ಟಿಯನ್ನೂ ಪ್ರತಿ ಸಲ ಓದಬೇಕು. ಹೊದಿಕೆಯ ಬಣ್ಣ ಹಾಗೇ ಇದ್ದು ಒಳಗಿನ ಮಿಶ್ರಣ ಬದಲಾಗುವುದುಂಟು.